ಮಕ್ಕಳನ್ನು ನೋಡುವವರು

ಸರಕಾರ ಮನುಷ್ಯರನ್ನು ಎಣಿಸಲು ಹೊರಟರೆ ಮೊದಲು ಹೆಸರು ಕೇಳುತ್ತದೆ, ಆಮೇಲೆ ವಯಸ್ಸು, ಆಮೇಲೆ ಕೆಲಸ. ಸಾವಿರದ ಒಂಬೈನೂರ ಅರುವತ್ತೊಂದನೆಯ ಇಸವಿಯ ಫೆಬ್ರವರಿಯಲ್ಲಿ ನಡೆದ ಈ ಪರೀಕ್ಷೆಯಲ್ಲಿ, ಪುತ್ತೂರು ಪೇಟೆಯ ಹೊರಗೆ ಸುಳ್ಯ ರಸ್ತೆಯ ಬದಿಯಲ್ಲಿ ಮನೆಯಿದ್ದ ಅಚ್ಚುತಣ್ಣ ಮೊದಲೆರಡು ಪ್ರಶ್ನೆಗಳಲ್ಲಿ ಸಲೀಸಾಗಿ ಪಾಸಾದ. ಮೂರನೆಯದರಲ್ಲಿ ಫೇಲಾದ.

ಪರೀಕ್ಷಕರಾಗಿ ಬಂದವರು ಶಾಲೆಯ ಕೃಷ್ಣಮೋಹನ ಮಾಸ್ಟ್ರು. ಕಂಕುಳಲ್ಲಿ ಜನಗಣತಿಯ ಕಾಗದದ ಕಟ್ಟು, ಕಿವಿಯ ಮೇಲೆ ಪೆನ್ಸಿಲು. ಕೂತುಕೊಳ್ಳೋಣವೆಂದರೆ ಜಗಲಿಯಲ್ಲಿ ಜಾಗವಿರಲಿಲ್ಲ. ಒಂದು ಮಗು ಮಲಗಿತ್ತು. ಎರಡು ಮಕ್ಕಳ ನಡುವೆ ಒಂದು ಮರದ ಸೌಟಿಗಾಗಿ ಯುದ್ಧ ನಡೆದಿತ್ತು. ಒಂದು ತನ್ನ ಕಾಲಿನ ಹೆಬ್ಬೆರಳಿನ ರುಚಿ ನೋಡುತ್ತಿತ್ತು. ಉಳಿದ ಮೂರು ಸಾಲಾಗಿ ಕುಳಿತು ಗಂಜಿ ಕಾಯುತ್ತಿದ್ದವು. ಸೊಂಟಕ್ಕೆ ಬೈರಾಸು ವಸ್ತ್ರ ಬಿಗಿದ ಅಚ್ಚುತಣ್ಣ ಎಂಟನೆಯದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದ.

"ಕೆಲಸ ಎಂತ?"

"ಕಾಣ್ತಾ ಉಂಟಲ್ಲ ಮಾಸ್ಟ್ರೇ."

"ಕಂಡದ್ದನ್ನು ಬರೀಲಿಕ್ಕೆ ಆಗುದಿಲ್ಲ. ಹೆಸರು ಹೇಳಿ."

"ಮಕ್ಕಳು."

"ಮಕ್ಕಳು ಕೆಲಸ ಅಲ್ಲ ಮಾರಾಯ್ರೆ, ಮಕ್ಕಳು ಮಕ್ಕಳು. ಇದೆಲ್ಲ ನಿಮ್ಮದಾ?"

"ಒಂದೂ ನನ್ನದಲ್ಲ."

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೆಂಗಸು ಮಾಡಿದ್ದರೆ ಮನೆಕೆಲಸ ಅಂತ ಹಾಕಿ ಮುಂದಕ್ಕೆ ಹೋಗ್ತಿದ್ದೆ. ಅದನ್ನು ಕೆಲಸ ಅಂತ ಹಿಡಿಯುದಿಲ್ಲ, ತೊಂದರೆ ಇಲ್ಲ. ಗಂಡಸು ಮಾಡಿದರೆ ಎಂತ ಹಾಕುದು ಅಂತ ನಮ್ಮ ಟ್ರೈನಿಂಗಿನಲ್ಲಿ ಹೇಳ್ಲೇ ಇಲ್ಲ." ಹೀಗೆಂದವರೇ ನಿಂತಲ್ಲಿಯೇ ಪೆನ್ಸಿಲಿನಿಂದ ಏನೋ ಗೀಚಿದರು. ಅಚ್ಚುತಣ್ಣ ಬಗ್ಗಿ ಓದಿದ. 'ಕೆಲಸವಿಲ್ಲ.'

ಹೆಗಲ ಮೇಲಿನ ಮಗು ಅದೇ ಹೊತ್ತಿಗೆ ಅವನ ಬೆನ್ನ ಮೇಲೆ ಹಾಲು ಕಾರಿತು.

"ಬೆಳಿಗ್ಗೆ ಐದಕ್ಕೆ ಎದ್ದವ ನಾನು," ಎಂದ ಅಚ್ಚುತಣ್ಣ. "ಇದನ್ನು ಅಳಿಸಿ ಮಾಸ್ಟ್ರೇ."

"ಪೆನ್ಸಿಲಿನಲ್ಲಿ ಬರ್ದದ್ದು. ಮಾರ್ಚಿನ ಮೊದಲ ವಾರ ಸರಿಯಾ ತಪ್ಪಾ ಅಂತ ನೋಡ್ಲಿಕ್ಕೆ ಇನ್ನೊಮ್ಮೆ ಬರ್ತೇನೆ. ಅಷ್ಟರಲ್ಲಿ ನಾಲ್ಕು ಜನ ಒಪ್ಪುವ ಒಂದು ಹೆಸರು ಹುಡುಕಿ ಇಡಿ. ಶಾಯಿಯಲ್ಲಿ ಬರೀತೇನೆ."

ಕೆಲಸವಿಲ್ಲದವನೆಂದು ಕರೆಸಿಕೊಂಡರೆ ಸಿಟ್ಟು ಬರುವಷ್ಟು ಕೆಲಸ ಅಚ್ಚುತಣ್ಣನಿಗಿತ್ತು. ಹದಿನೆಂಟು ವರ್ಷ ಅವನು ಪುತ್ತೂರು-ಸಂಪಾಜೆ ಬಸ್ಸಿನ ಕಂಡಕ್ಟರು. ಕಲ್ಲುಗುಂಡಿಯಲ್ಲಿ ಫುಟ್‌ಬೋರ್ಡಿನಿಂದ ಬಿದ್ದು ಮೊಣಕಾಲು ಹೋದ ಮೇಲೆ ಮನೆಯಲ್ಲಿ ಕುಳಿತ. ಅವನ ಹೆಂಡತಿ ಲೋಲಾಕ್ಷಿ, ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳುತ್ತಿದ್ದಳು. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ, ಎಂಟು ಇದ್ದವು, ಸಂಜೆಯವರೆಗೆ. ಎರಡು ವರ್ಷದ ಹಿಂದೆ ಜ್ವರ ಬಂದು ಲೋಲಾಕ್ಷಿ ತೀರಿಕೊಂಡಳು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ಕಾರ್ಖಾನೆಯ ಸೈರನ್ನಿನ ಕೂಗು ಆಗುವ ಮೊದಲು ಬಾಗಿಲು ತೆರೆದರೆ, ಜಗಲಿಯಲ್ಲಿ ಎಂಟೂ ಮಕ್ಕಳು ಇದ್ದವು. ತಾಯಂದಿರು ಇಟ್ಟು ಹೋಗಿದ್ದರು. ಅವರಾದರೂ ಎಲ್ಲಿ ಇಡಬೇಕು? ಅಚ್ಚುತಣ್ಣ ಸ್ವಲ್ಪ ಹೊತ್ತು ಮಕ್ಕಳನ್ನು ನೋಡಿದ, ಮಕ್ಕಳು ಅವನನ್ನು ನೋಡಿದವು. ಆಮೇಲೆ ಒಳಗೆ ಹೋಗಿ ಗಂಜಿಗೆ ನೀರಿಟ್ಟ. ನೇಮಕಾತಿ ಎಂದರೆ ಅಷ್ಟೇ.

ಹೆಸರಿನ ವಿಷಯದಲ್ಲಿ ಸಲಹೆ ಕೇಳಬೇಕಾದರೆ ಪಕ್ಕದ ಮನೆಯ ಮಹಾಗಣಪತಿ ಭಟ್ಟರಿದ್ದರು. ಕಚೇರಿಯಲ್ಲಿ ಮೂವತ್ತು ವರ್ಷ ದಸ್ತಾವೇಜು ನಕಲು ಮಾಡಿ ನಿವೃತ್ತರಾದವರು. ಒಂದು ಶಬ್ದ ಸಾಕಾಗುವಲ್ಲಿ ಏಳು ಹಾಕಿ ರೂಢಿ.

"ಹೆಸರು ನಾಲ್ಕು ಜನ ಒಪ್ಪಬೇಕಾದರೆ ನಾಲ್ಕು ಜನ ಓದಬೇಕು," ಎಂದರು ಭಟ್ಟರು. "ಓದಬೇಕಾದರೆ ಬೋರ್ಡು ಬೇಕು. ಡಾಕ್ಟ್ರಿಗೆ ಉಂಟು, ವಕೀಲರಿಗೆ ಉಂಟು, ಹಲ್ಲು ಕೀಳುವವನಿಗೂ ಉಂಟು. ನಿಮಗೆಂತ ಕಡಿಮೆ? ಬರ್ಕೊಳ್ಳಿ. ಬಾಲ-ಬಾಲಿಕಾ-ದಿವಾ-ಸಂರಕ್ಷಣಾ-ಧುರೀಣರು."

ಅಚ್ಚುತಣ್ಣನಿಗೆ ರೋಮಾಂಚನವಾಯಿತು. ಆದರೆ ಬೋರ್ಡು ಬರೆಯುವ ಸೀನ ತಲೆಯಾಡಿಸಿದ. ಹಲಗೆ ಇದ್ದದ್ದು ಎರಡಡಿ. ಧುರೀಣರನ್ನು ತರಬೇಕಾದರೆ ಹಲಗೆ ಭಟ್ಟರ ಅಂಗಳದವರೆಗೆ ಬರಬೇಕಾಗಿತ್ತು.

"ಬಾಯಲ್ಲಿ ಹೇಳುವ ಹಾಗೆ ಹಾಕುವ ಅಣ್ಣ. 'ಮಕ್ಕಳನ್ನು ನೋಡಿಕೊಳ್ಳುವವರು.' ಸಾಕು."

ಸೀನ ಅಕ್ಷರವನ್ನು ದುಂಡಗೆ ಬರೆಯುತ್ತಿದ್ದ. ದುಂಡಗಿನ ಅಕ್ಷರಕ್ಕೆ ಜಾಗ ಹೆಚ್ಚು ಬೇಕು. ಒಂದು ಸಾಲಿನಲ್ಲಿ ಹಿಡಿಯದೆ ಅವನು ಎರಡು ಸಾಲು ಮಾಡಿದ. ಒಣಗಿಸಿ, ಗೇಟಿಗೆ ಮೊಳೆ ಹೊಡೆದು, ಮೂವರೂ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದರು. ಚಂದ ಕಂಡಿತು. ಮೇಲಿನ ಸಾಲು: ಅಚ್ಚುತ, ಮಕ್ಕಳನ್ನು ನೋಡಿ. ಕೆಳಗಿನ ಸಾಲು: ಕೊಳ್ಳುವವರು.

ಮರುದಿನ ಎಂಟೂವರೆಯ ಬಸ್ಸು ಎಂದೂ ನಿಲ್ಲದ ಕಡೆ, ಅಂದರೆ ಅಚ್ಚುತಣ್ಣನ ಗೇಟಿನೆದುರು, ಕಿರ್ರೆಂದು ನಿಂತಿತು. ಬಾವ ಎಂಬ ಡ್ರೈವರು ಬಸ್ಸಿನಲ್ಲಿ ಅವನ ಹಳೆಯ ಜೋಡಿ. ತಲೆ ಹೊರಗೆ ಹಾಕಿ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ:

"ಅಚ್ಚುತಣ್ಣಾ! ವ್ಯಾಪಾರ ಯಾವಾಗಿಂದ ಶುರು? ನನ್ನಲ್ಲಿ ಐದು ಉಂಟು. ಎರಡನೆಯದನ್ನು ನೀವು ಹೇಳಿದ ರೇಟಿಗೆ ಕೊಡ್ತೇನೆ, ವಾಪಾಸು ಮಾತ್ರ ಕೊಡ್ಬಾರ್ದು!"

ಹಿಂದಿನ ಸೀಟಿನ ಹೆಂಗಸೊಬ್ಬಳು ಬೋರ್ಡು ಓದಿ, ಮಡಿಲಲ್ಲಿದ್ದ ಮಗುವನ್ನು ಸೆರಗಿನೊಳಗೆ ಮುಚ್ಚಿ, "ಬಸ್ಸು ಬಿಡಿ, ಬಸ್ಸು ಬಿಡಿ" ಎಂದು ಬೊಬ್ಬೆ ಹಾಕಿದಳು. ಕಿಟಕಿಗಳಿಂದ ಹೊರಬಂದ ತಲೆಗಳೆಲ್ಲ ಜಗಲಿಯ ಎಂಟು ಮಕ್ಕಳನ್ನು, ದಾಸ್ತಾನು ನೋಡುವ ಹಾಗೆ ನೋಡಿದವು. ಅಚ್ಚುತಣ್ಣನಿಗೆ ಇನ್ನೂ ಅರ್ಥವಾಗಿರಲಿಲ್ಲ. ಎಲ್ಲರೂ ಓದುತ್ತಿದ್ದಾರಲ್ಲ ಎಂಬ ಸಂತೋಷದಲ್ಲಿ ಅವನು ಕೈಮುಗಿದು, "ಬನ್ನಿ, ನೋಡಿ ಹೋಗಿ," ಎಂದ. ಬಸ್ಸು ಓಡಿಹೋಯಿತು.

ಭಟ್ಟರು ಪಂಚೆ ಎತ್ತಿಕೊಂಡು ಬಂದರು. "ಅನರ್ಥ! ನೋಡಿ ಕೊಳ್ಳುದು ಎಮ್ಮೆಯನ್ನು. ಮಕ್ಕಳನ್ನಲ್ಲ. ಸೀನಾ, ಆ 'ಕೊಳ್ಳು'ವನ್ನು ಈಗಲೇ ಕೆರೆದು ತೆಗಿ!"

ಸೀನ ಕೆರೆದ. ಹೊಸದಾಗಿ ಬರೆದ. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಒಂದೇ ಸಾಲಿನಲ್ಲಿ, ಯಾವ ಅಪಾಯವೂ ಇಲ್ಲದೆ ಹೀಗಿತ್ತು: ಅಚ್ಚುತ, ಮಕ್ಕಳನ್ನು ನೋಡುವವರು.

ನೋಡುವುದರಲ್ಲಿ ನಮ್ಮ ಕಡೆ ಬಗೆಗಳಿವೆ. ಹೆಣ್ಣು ನೋಡುತ್ತಾರೆ, ರೋಗ ನೋಡುತ್ತಾರೆ, ಜಾಗ ನೋಡುತ್ತಾರೆ, ಪ್ರಶ್ನೆ ಇಟ್ಟು ಕವಡೆ ನೋಡುತ್ತಾರೆ. ಎರಡಡಿ ಹಲಗೆಗೆ ಇದು ತಿಳಿದಿರಲಿಲ್ಲ.

ಎರಡು ದಿನ ಬಿಟ್ಟು ಪೆರಾಬೆಯಿಂದ ಸತ್ಯವತಿಯಮ್ಮ ಎಂಬ ಹಿರಿಯ ಹೆಂಗಸು ಸೊಸೆ ರಾಜೀವಿಯನ್ನು ಕರೆದುಕೊಂಡು ಬಂದರು. ಗೇಟಿನ ಹೊರಗೆ ಚಪ್ಪಲಿ ಬಿಟ್ಟರು. ಅಚ್ಚುತಣ್ಣನ ಗೇಟಿನಲ್ಲಿ ಯಾರಾದರೂ ಚಪ್ಪಲಿ ಬಿಟ್ಟದ್ದು ಅದೇ ಮೊದಲು.

"ಮಕ್ಕಳನ್ನು ನೋಡುವವರು ನೀವೇ ಅಲ್ಲವಾ?"

"ನಾನೇ. ಎಷ್ಟು ಮಕ್ಕಳು?"

ಸತ್ಯವತಿಯಮ್ಮ ಸೊಸೆಯ ಮುಖ ನೋಡಿದರು. "ಅದನ್ನೇ ಕೇಳ್ಲಿಕ್ಕೆ ಬಂದದ್ದು."

ಎಷ್ಟು ಮಕ್ಕಳೆಂದು ಮರೆತು ಹೋಗುವಷ್ಟು ದೊಡ್ಡ ಸಂಸಾರವಿರಬೇಕು ಎಂದುಕೊಂಡ ಅಚ್ಚುತಣ್ಣ. "ಗಂಡಾ, ಹೆಣ್ಣಾ?"

"ನೀವೇ ಹೇಳ್ಬೇಕು ಸ್ವಾಮಿ."

"ಯಾವುದಾದರೂ ಆಗ್ತದೆ, ನನಗೆ ಭೇದ ಇಲ್ಲ. ಯಾವಾಗಿಂದ ತರ್ತೀರಿ?"

"ನಾವು ತರುವುದಾ? ದೇವರು ಕೊಡ್ಬೇಡವಾ? ಮದುವೆಯಾಗಿ ಆರು ವರ್ಷ ಆಯ್ತು. ನೀವು ಒಮ್ಮೆ ಸರಿಯಾಗಿ ನೋಡಿ ಹೇಳಿ. ಉಂಟಾ, ಇಲ್ಲವಾ?"

ಅಚ್ಚುತಣ್ಣ ಜಗಲಿಯ ಕಡೆ ತಿರುಗಿ ಸರಿಯಾಗಿ ನೋಡಿದ. ಹಿಂದಿನ ದಿನ ಎರಡು ಮಕ್ಕಳನ್ನು ತಾಯಿ ಸುಳ್ಯಕ್ಕೆ ಕರೆದುಕೊಂಡು ಹೋಗಿದ್ದಳು, ಬದಲಿಗೆ ಬರುತ್ತೇನೆಂದವರು ಬಂದಿರಲಿಲ್ಲ.

"ಎರಡಕ್ಕೆ ಜಾಗ ಉಂಟು," ಎಂದ.

ಸತ್ಯವತಿಯಮ್ಮ ನಿಂತಲ್ಲಿಂದ ನೆಲಕ್ಕೆ ಬಾಗಿದರು. "ಎರಡು! ಕೇಳಿದೆಯಾ ರಾಜೀವಿ? ಎರಡಂತೆ! ಕವಡೆ ಇಲ್ಲ, ಪಂಚಾಂಗ ಇಲ್ಲ, ಒಮ್ಮೆ ತಿರುಗಿ ನೋಡಿ ಹೇಳಿಬಿಟ್ಟರು!"

ರಾಜೀವಿ ಸೌಟಿನ ಯುದ್ಧದಲ್ಲಿ ಸೋತ ಮಗುವಿನ ಮೂಗನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

ಪೆರಾಬೆಯಿಂದ ಸುದ್ದಿ ಹೊರಡಲು ಬಸ್ಸಿನ ಹೊತ್ತು ನೋಡಬೇಕಾಗಿಲ್ಲ. ವಾರ ಕಳೆಯುವುದರೊಳಗೆ ಗೇಟಿನೆದುರು ಚಪ್ಪಲಿಗಳ ಸಾಲು ರಸ್ತೆಗೆ ಬಂತು. ಕಡಬದಿಂದ ಬಂದರು, ಸಂಪಾಜೆಯ ಘಾಟಿ ಇಳಿದು ಬಂದರು. ಒಬ್ಬ ಗೃಹಸ್ಥರಿಗೆ ಎಪ್ಪತ್ತೆರಡು ವಯಸ್ಸು; ಅವರೂ ನೋಡಿಸಿಕೊಳ್ಳಲು ಬಂದಿದ್ದರು. ಅಚ್ಚುತಣ್ಣ ತಾನು ಅಂಥವನಲ್ಲವೆಂದು ಪ್ರತಿಯೊಬ್ಬರಿಗೂ ಹೇಳಿದ. ಅದರಿಂದ ಅವನ ಕೀರ್ತಿ ಇನ್ನೂ ಹೆಚ್ಚಿತು.

"ನಿಜವಾದವರು ಒಪ್ಪಿಕೊಳ್ಳುದೇ ಇಲ್ಲ," ಎಂದು ಸರದಿಯಲ್ಲಿದ್ದವರು ಮಾತಾಡಿಕೊಂಡರು. "ಕಡಬದಲ್ಲಿ ಒಬ್ಬ ಉಂಟು, ಕೇಳುವ ಮೊದಲೇ ಒಪ್ಪಿಕೊಳ್ತಾನೆ. ಅವ ಕಳ್ಳ."

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಅಚ್ಚುತಣ್ಣನ ನಿರಾಕರಣೆ ದಿನೇದಿನೇ ಸ್ವಲ್ಪ ಮೆತ್ತಗಾಗುತ್ತಿತ್ತು. ಭಟ್ಟರ ಮನೆಯಿಂದ ಕುರ್ಚಿ ಬಂದಿತ್ತು. ಹದಿನೆಂಟು ವರ್ಷ "ಹೋಯ್ ಕಂಡಕ್ಟ್ರೇ" ಎಂದವರು, ಆಮೇಲೆ ಎರಡು ವರ್ಷ ಏನೂ ಅನ್ನದೆ ಮಗುವನ್ನು ಜಗಲಿಯಲ್ಲಿ ಚೀಲದ ಹಾಗೆ ಇಟ್ಟು ಹೋದವರು, ಅವರೆಲ್ಲರ ಊರಿನಲ್ಲಿ ಈಗ ಅವನು "ಸ್ವಾಮಿ". ಮಾತಾಡಲು ಜನ ಇದ್ದರು. ಊಟ ಆಯಿತಾ ಎಂದು ಕೇಳುವವರು ಇದ್ದರು. ಮನುಷ್ಯನಿಗೆ ಇದು ಅಭ್ಯಾಸವಾಗಲು ಬಹಳ ದಿನ ಬೇಕಾಗುವುದಿಲ್ಲ.

ಮಕ್ಕಳಿಗೆ ಮಾತ್ರ ಜಗಲಿ ಇಲ್ಲವಾಯಿತು. ಅವು ಅಡಿಗೆಕೋಣೆಯಲ್ಲಿ ಬೂದಿ ತಿನ್ನುತ್ತಿದ್ದವು. ಕಾರ್ಖಾನೆಗೆ ಹೊರಟ ಪೂವಮ್ಮ ಒಂದು ಬೆಳಿಗ್ಗೆ ಮಗಳನ್ನು ಎತ್ತಿಕೊಂಡು ಗೇಟಿಗೆ ಬಂದರೆ, ಸರದಿಯವರು ಅವಳನ್ನು ಹಿಂದಕ್ಕೆ ತಳ್ಳಿದರು.

"ಹಿಂದೆ ನಿಲ್ಲಮ್ಮ. ನಿನಗೆ ಈಗಾಗಲೇ ಒಂದು ಉಂಟಲ್ಲ, ಇನ್ನೆಷ್ಟು ಬೇಕು?"

"ಬೇಕಾಗಿ ಬಂದದ್ದಲ್ಲ, ಇದನ್ನು ಬಿಡ್ಲಿಕ್ಕೆ ಬಂದದ್ದು!" ಎಂದು ಪೂವಮ್ಮ ಕಿರುಚಿದಳು. "ಅಚ್ಚುತಣ್ಣಾ, ಕೂಗು ಆಗ್ತದೆ! ಕಾರ್ಖಾನೆಯ ಗೇಟು ಹಾಕಿದರೆ ಒಂದು ದಿವಸದ ಕೆಲಸ ಹೋಯ್ತು ನನ್ನದು!"

ಕುರ್ಚಿಯಲ್ಲಿ ಕುಳಿತ ಅಚ್ಚುತಣ್ಣನಿಗೆ ಕೇಳಿಸಿತು. ಏಳಲು ಹೊರಟ. ಅಷ್ಟರಲ್ಲಿ ಯಾರೋ ಅವನ ಕಾಲು ಹಿಡಿದಿದ್ದರು, ನೋವಿದ್ದ ಮೊಣಕಾಲನ್ನೇ. ಪೂವಮ್ಮ ಮಗುವನ್ನು ಎತ್ತಿಕೊಂಡು ವಾಪಸು ಹೋದದ್ದು ಕಂಡಿತು.

ಆ ಮಧ್ಯಾಹ್ನ ರಾಜೀವಿ ಮತ್ತೆ ಬಂದಳು, ಅತ್ತೆಯ ಜೊತೆ. ಅತ್ತೆ ಸರದಿಯಲ್ಲಿ ತಮ್ಮ ಎರಡರ ಕಥೆ ಹೇಳುತ್ತಿದ್ದಾಗ ಅವಳು ಅಡಿಗೆಕೋಣೆಗೆ ಬಂದು ಬೂದಿ ತಿಂದವರ ಬಾಯಿ ತೊಳೆಸಿದಳು.

"ಅಕ್ಕ, ನಾನು ಎಂತ ಹೇಳ್ಬೇಕು ಅಂದರೆ," ಎಂದು ಅವಳ ಹಿಂದೆಯೇ ಬಂದ ಅಚ್ಚುತಣ್ಣ ತಡವರಿಸಿದ, "ನನಗೆ ಏನೂ ಗೊತ್ತಾಗುದಿಲ್ಲ."

"ಗೊತ್ತುಂಟು," ಎಂದಳು ರಾಜೀವಿ. "ನೀವು ಎರಡು ಅಂದದ್ದು ಜಗಲಿ ನೋಡಿ. ನಾನು ನೋಡಿದ್ದೇನೆ. ಆದರೆ ಅವತ್ತಿಂದ ಅತ್ತೆ ನನ್ನನ್ನು ಹೆಸರು ಹಿಡಿದು ಕರೀತಾರೆ. ಆರು ವರ್ಷ ಕರೀಲಿಲ್ಲ." ಮಗುವಿನ ಗಲ್ಲ ಒರೆಸಿ ಕೆಳಗಿಳಿಸಿದಳು. "ನೀವು ನಿಜ ಬಾಯಿ ಬಿಡುವುದಾದರೆ ಬಿಡಿ. ನಾನು ಬೇಡ ಅಂತ ಹೇಳುದಿಲ್ಲ."

ಕೃಷ್ಣಮೋಹನ ಮಾಸ್ಟ್ರು ಬಂದದ್ದು ಅದೇ ಹೊತ್ತಿಗೆ. ಮಾರ್ಚಿನ ಮೊದಲ ವಾರ, ಶಾಯಿಯ ಬಾಟಲಿ ಸಮೇತ. ಸರದಿಯನ್ನು ದಾಟಿ ಬರಲು ಅವರು ಮೂರು ಸಲ "ನನಗೆ ನಾಲ್ಕು ಉಂಟು, ಸಾಕಾಗಿದೆ" ಎಂದು ಪ್ರಮಾಣ ಮಾಡಬೇಕಾಯಿತು. ಕುರ್ಚಿ, ಚಪ್ಪಲಿ, ಕೈಮುಗಿದ ಜನ ಎಲ್ಲ ನೋಡಿದರು. ಮುಖ ಅರಳಿತು.

"ನಾಲ್ಕು ಜನ ಒಪ್ಪಬೇಕು ಅಂದದ್ದು, ನಲವತ್ತು ಜನ ಮಾಡಿದ್ದೀರಲ್ಲ! ನನ್ನ ತಲೆನೋವು ಹೋಯ್ತು. ಇದಕ್ಕೆ ಹೆಸರು ಉಂಟು ಮಾರಾಯ್ರೆ. ಜ್ಯೋತಿಷಿ. ಒಂದೇ ಶಬ್ದ, ಸರಿಯಾಗಿ ಕೂತುಕೊಳ್ತದೆ." ಪೆನ್ಸಿಲಿನ 'ಕೆಲಸವಿಲ್ಲ'ವನ್ನು ರಬ್ಬರಿನಿಂದ ಉಜ್ಜಿ ಊದಿದರು. ಪೆನ್ನು ಶಾಯಿಗದ್ದಿದರು. "ಬರೆಯಲಾ?"

ಮಹಾಗಣಪತಿ ಭಟ್ಟರು ಬೇಲಿಯಾಚೆಯಿಂದ ಕೂಗಿದರು, "ಜ್ಯೋತಿಷ್ಯ-ವಿದ್ಯಾ-ವಿಶಾರದ ಅಂತ ಹಾಕಿ ಮಾಸ್ಟ್ರೇ!"

ಅಚ್ಚುತಣ್ಣ ಶಾಯಿ ತೊಟ್ಟಿಕ್ಕಲು ಸಿದ್ಧವಾಗಿದ್ದ ಪೆನ್ನಿನ ತುದಿಯನ್ನು ನೋಡಿದ. ಹೂಂ ಎಂದರೆ ಸಾಕು. ನಾಳೆಯೂ ಜನ ಬರುತ್ತಾರೆ, ನಾಡಿದ್ದೂ ಬರುತ್ತಾರೆ, ಊಟ ಆಯಿತಾ ಎಂದು ಕೇಳುತ್ತಾರೆ. ಅಡಿಗೆಕೋಣೆಯಲ್ಲಿ ಒಂದು ಮಗು ಅಳತೊಡಗಿತು. ಅದು ಕಾರ್ಖಾನೆಗೆ ಹೋಗುವ ಆಯಿಶಾಳ ಮಗ. ಹಸಿವಿಗೆ ಬೇರೆ ಸ್ವರ, ನಿದ್ದೆಗೆ ಬೇರೆ ಸ್ವರ, ಇದು ಹೊಟ್ಟೆನೋವಿನದ್ದು. ಆ ಅಂಗಳದಲ್ಲಿದ್ದ ನಲವತ್ತು ಜನರಲ್ಲಿ ಅದು ತಿಳಿದದ್ದು ಒಬ್ಬನಿಗೆ.

"ಬರೀಬೇಡಿ," ಎಂದ ಅಚ್ಚುತಣ್ಣ. "ನನಗೆ ಒಂದು ಅಕ್ಷರ ಜ್ಯೋತಿಷ್ಯ ಬರುದಿಲ್ಲ. ಸೀನ 'ಕೊಳ್ಳು' ತೆಗೆದದ್ದರಿಂದ ಆದ ಎಡವಟ್ಟು ಇದು. ನಾನು ಕಾರ್ಖಾನೆಗೆ ಹೋಗುವವರ ಮಕ್ಕಳಿಗೆ ಗಂಜಿ ಕೊಡುದು, ಕುಂಡೆ ತೊಳೆಯುದು, ಮಲಗಿಸುದು. ಅದೊಂದು ಬರ್ತದೆ. ಚೆನ್ನಾಗಿ ಬರ್ತದೆ."

ಅಂಗಳದಲ್ಲಿ ಗುಜುಗುಜು ಎದ್ದಿತು. "ಅಯ್ಯೋ, ಬರೇ ಮಕ್ಕಳನ್ನು ನೋಡಿಕೊಳ್ಳುವವನಾ?" "ಬಸ್ಸಿಗೆ ಬಂದದ್ದು ದಂಡ." ಎಪ್ಪತ್ತೆರಡರ ಗೃಹಸ್ಥರು, "ನಾನು ಮೊದಲೇ ಹೇಳಿದ್ದೆ, ಮುಖದಲ್ಲಿ ಕಳೆ ಇಲ್ಲ ಅಂತ" ಎನ್ನುತ್ತ ಚಪ್ಪಲಿ ಹುಡುಕಿದರು. ಸತ್ಯವತಿಯಮ್ಮ ಮಾತ್ರ ಕದಲಲಿಲ್ಲ.

"ಹಾಗಾದರೆ ನಮ್ಮ ಎರಡು?"

ರಾಜೀವಿ ಅಡಿಗೆಕೋಣೆಯ ಬಾಗಿಲಲ್ಲಿ ಅಳುವ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

"ಎರಡು ಉಂಟು ಅಮ್ಮ," ಎಂದ ಅಚ್ಚುತಣ್ಣ. "ನಾನು ಹೇಳಿದ್ದು ಜಾಗ. ಅದು ನಿಮಗೇ ಇಟ್ಟದ್ದು. ಒಂದು ವರ್ಷ ಆಗ್ಲಿ, ಹತ್ತು ವರ್ಷ ಆಗ್ಲಿ, ಬೇರೆಯವರಿಗೆ ಕೊಡುದಿಲ್ಲ. ನಾನೂ ಲೋಲಾಕ್ಷಿಯೂ ಇಪ್ಪತ್ತು ವರ್ಷ ಜಾಗ ಇಟ್ಟುಕೊಂಡು ಕೂತವರೇ. ಮಕ್ಕಳು ಬರ್ಲಿಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಒಂದು ದಿವಸವೂ ನಾನು ಅವಳನ್ನು ಹೆಸರು ಹಿಡಿದು ಕರೆಯದೆ ಇರ್ಲಿಲ್ಲ."

ಸತ್ಯವತಿಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. ಆಮೇಲೆ ಬಾಗಿಲ ಕಡೆ ನೋಡದೆಯೇ, ಸ್ವಲ್ಪ ಒರಟಾಗಿ ಹೇಳಿದರು: "ರಾಜೀವಿ, ಆ ಮಗುವಿಗೆ ಸ್ವಲ್ಪ ಓಮದ ನೀರು ಕುಡಿಸು. ಬಸ್ಸಿಗೆ ಇನ್ನೂ ಹೊತ್ತುಂಟು."

ಜನ ಕರಗಿದರು. ಭಟ್ಟರು ಬಂದು ಕುರ್ಚಿ ತೆಗೆದುಕೊಂಡು ಹೋದರು. ಮಾಸ್ಟ್ರು ಜಗಲಿಯಲ್ಲಿ ಕುಳಿತು, ಒಣಗಿದ ಪೆನ್ನನ್ನು ಮತ್ತೆ ಅದ್ದಿ, ಕಡ್ಡಿಯಷ್ಟು ಅಗಲದ ಜಾಗದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬರೆದರು: 'ಬೇರೆಯವರ ಮಕ್ಕಳನ್ನು ತನ್ನ ಮನೆಯಲ್ಲಿ ಹಗಲಿಡೀ ಸಾಕುವುದು.' ಬರೆದು ಮುಗಿಸಿ ಕೈ ಕೊಡವಿದರು.

"ಆಯ್ತು. ಶಾಯಿಯಲ್ಲಿ ಆಯ್ತು. ನೀವು ಇನ್ನು ಕೆಲಸ ಇದ್ದವರು."

ಅಚ್ಚುತಣ್ಣ ಅದನ್ನು ಎರಡು ಸಲ ಓದಿದ. ಅಷ್ಟರಲ್ಲಿ ಸಂಜೆಯಾಗಿತ್ತು; ಕಾರ್ಖಾನೆ ಬಿಟ್ಟು ಬಂದ ಆಯಿಶಾ ಗೇಟಿನಲ್ಲಿ ನಿಂತಿದ್ದಳು. ಅವಳಿಗೂ ಓದಿ ಹೇಳಿದ.

"ಇಷ್ಟು ದಿವಸ ಅದು ಗೊತ್ತಿರ್ಲಿಲ್ಲವಾ ಸರಕಾರಕ್ಕೆ?" ಎಂದು ಕೇಳಿ ಆಯಿಶಾ ಮಗನನ್ನು ಎತ್ತಿಕೊಂಡಳು. ಒಂದೊಂದಾಗಿ ಉಳಿದ ತಾಯಂದಿರೂ ಬಂದರು. ಮಕ್ಕಳು ಒಂದೊಂದಾಗಿ ಹೋದವು.

"ಇನ್ನೊಂದು ಉಂಟು," ಎಂದರು ಮಾಸ್ಟ್ರು, ಕಾಗದದ ಮೇಲೆ ಬೆರಳಿಟ್ಟು. "ಯಾವ ಥರದ ಕೆಲಸಗಾರ ಅಂತ. ನಾಲ್ಕರಲ್ಲಿ ಒಂದು ಹೇಳಿ. ಯಜಮಾನನಾ? ನೌಕರನಾ? ಕುಟುಂಬದ ಕೆಲಸಗಾರನಾ? ಒಂಟಿ ಕೆಲಸಗಾರನಾ?"

ಅಚ್ಚುತಣ್ಣ ಯೋಚಿಸಿದ. ಯಜಮಾನನಲ್ಲವೆಂಬುದು ಆ ಮಕ್ಕಳಿಗೆಲ್ಲ ಗೊತ್ತಿತ್ತು. ನೌಕರನೆಂದರೆ ಯಾರ ನೌಕರ?

"ಕುಟುಂಬದ ಅಂತ ಹಾಕ್ಲಿಕ್ಕೆ ಆಗ್ತದಾ?"

"ಕುಟುಂಬದವರು ಮನೆಯಲ್ಲಿ ಇರ್ಬೇಕು."

ಇಬ್ಬರೂ ಜಗಲಿಯನ್ನು ನೋಡಿದರು. ಮಗುಚಿ ಬಿದ್ದ ಒಂದು ತಟ್ಟೆ ಇತ್ತು.

"ಹಾಗಾದರೆ ಒಂಟಿ ಅಂತ್ಲೇ ಹಾಕಿ," ಎಂದ ಅಚ್ಚುತಣ್ಣ. "ಆದರೆ ಅದಿಡೀ ಸತ್ಯ ಅಲ್ಲ ಮಾಸ್ಟ್ರೇ. ಪಕ್ಕದಲ್ಲಿ ಸಣ್ಣಕ್ಕೆ ಬರೀರಿ, ಸಂಜೆ ಆರರ ಮೇಲೆ ಮಾತ್ರ ಅಂತ."

"ಹಾಗೆಲ್ಲ ಬರೀಲಿಕ್ಕೆ ಇಲ್ಲ ಮಾರಾಯ್ರೆ," ಎಂದರು ಮಾಸ್ಟ್ರು. ಆದರೆ ಅವನ ಮುಖವನ್ನೊಮ್ಮೆ ನೋಡಿ, ಬರೆದೇಬಿಟ್ಟರು. ಶಾಯಿ ಆರುವವರೆಗೆ ಕಾದು ಕಾಗದ ಮಡಚಿದರು. "ಮೇಲಿನವರು ಇದನ್ನು ನೋಡಿ, ಇದೆಂತ ಅಂತ ಕೇಳ್ಲಿಕ್ಕೆ ನಿಮ್ಮಲ್ಲಿಗೆ ಬಂದರೆ?"

"ಬರ್ಲಿ," ಎಂದ ಅಚ್ಚುತಣ್ಣ. "ಆರರ ಮೇಲೆಯೇ ಬರ್ಲಿಕ್ಕೆ ಹೇಳಿ. ಆಗ ನನಗೆ ಬೇಕಾದಷ್ಟು ಪುರುಸೊತ್ತು ಉಂಟು."